ಕಾರಿನ ಅಡಿ ಯಾರು ನೋಡ್ತಾರೆ?

"ಅಪ್ಪಾ, ಆ ಡಬ್ಬಾನ ಮಾರ್ಬಿಡಿ. ಹೊಸದು ತಗೊಳ್ಳಿ, ಇಎಂಐ ನಾನು ಕಟ್ತೀನಿ."

ಬೆಂಗಳೂರು ಸೇರಿದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮಕ್ಕಳು ಊರಿಗೆ ಫೋನ್ ಮಾಡಿದಾಗ ಆಡುವ ಮಾತುಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಮೊದಲನೆಯದು "ಮಳೆ ಹೆಂಗಿದೆ", ಎರಡನೆಯದು "ಕರೆಂಟ್ ಇದ್ಯಾ". ಈ ಮೂರನೆಯ ಮಾತು ಕೇಳೋಕೆ ಪ್ರೀತಿಯದ್ದೇ. ಆಡುವವರಿಗೂ ತಾವೊಂದು ದೊಡ್ಡ ಕರ್ತವ್ಯ ಮುಗಿಸಿದ ಸಮಾಧಾನ. ಅಪ್ಪ "ನೋಡುವ ಮಾರಾಯ" ಅಂತಾರೆ, ಮಾತು ಅಲ್ಲಿಗೆ ಮುಗಿಯುತ್ತೆ. ಕಾರು ಮಾತ್ರ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಹಾಗೇ ನಿಂತಿರುತ್ತೆ, ಅದರ ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ಕೆಲಸ ಮಾಡ್ತಾ ಇರುತ್ತೆ.

ನನ್ನ ಜಗಳ ಈ ಮಾತಿನ ಜೊತೆಗೇ. ಹಳೇ ಕಾರು ಹಳೆಯದಾಯ್ತು ಅನ್ನೋ ಕಾರಣಕ್ಕೆ ಹಾಳಾಗುವುದಕ್ಕಿಂತ ಹೆಚ್ಚಾಗಿ, ಅದರ ಅಡಿ ಬಗ್ಗಿ ನೋಡುವವರು ಯಾರೂ ಇಲ್ಲ ಅನ್ನೋ ಕಾರಣಕ್ಕೆ ಹಾಳಾಗುತ್ತೆ. ಮಕ್ಕಳು ನೋಡೋದು ಮಾಡೆಲ್ ಇಸವಿ. ಸರ್ಕಾರ ನೋಡೋದು ಆರ್‌ಸಿಯ ಮೇಲಿನ ತಾರೀಖು. ಕಂಪನಿ ನೋಡೋದು ವಾರಂಟಿ ಮುಗಿಯೋ ದಿನ. ಎಲ್ಲರೂ ಕ್ಯಾಲೆಂಡರ್ ನೋಡ್ತಾರೆ. ತುಕ್ಕಿಗೆ ಕ್ಯಾಲೆಂಡರ್ ಓದಕ್ಕೆ ಬರಲ್ಲ, ಅದಕ್ಕೆ ಗೊತ್ತಿರೋದು ನೀರು, ಗಾಳಿ ಮತ್ತು ಕೆಸರು.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಈ ಮೂರು ತಾಲ್ಲೂಕುಗಳಲ್ಲಿ ಹಳೇ ಕಾರು ಅನ್ನೋದು ಶೋಕಿಯೂ ಅಲ್ಲ, ಸೆಂಟಿಮೆಂಟೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ಹಳೇ ಕಾರಿನ ಬಗ್ಗೆ ಬರೆಯೋರೆಲ್ಲ ಪಾಲಿಶ್ ಹೊಡೆದ ಫೋಟೋ ಹಾಕಿ "ನಾಸ್ಟಾಲ್ಜಿಯಾ" ಅಂತಾರೆ. ಮಲೆನಾಡಿನ ಒಂಟಿ ಮನೆಯಲ್ಲಿ ನಿಂತಿರೋ ಮಾರುತಿ 800, ಓಮ್ನಿ, ಮಹೀಂದ್ರಾ ಜೀಪು ಅಂದ್ರೆ ಆಂಬುಲೆನ್ಸ್, ಸ್ಕೂಲ್ ಬಸ್, ಲಗೇಜ್ ಆಟೋ ಎಲ್ಲ ಸೇರಿದ ಒಂದು ವ್ಯವಸ್ಥೆ. ಮೇನ್ ರೋಡಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗೆ, ಹಳ್ಳ ದಾಟಿ, ಗುಡ್ಡ ಹತ್ತಿದ ಮೇಲೆ ಇರೋ ಮನೆಗೆ ಯಾವ ಆ್ಯಪ್‌ನ ಕ್ಯಾಬೂ ಬರಲ್ಲ.

ಬಸ್ಸಾದ್ರೂ ಇದ್ಯಾ ಅಂತ ಕೇಳಿ. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ದೇಶದಲ್ಲೇ ಅಪರೂಪದ ಪ್ರಯೋಗ ಅಂತ ಅಧ್ಯಯನ ಮಾಡೋಕೆ ಹೊರಗಿಂದ ಜನ ಬರ್ತಿದ್ರು. ಆ ಬಸ್ಸುಗಳು ಹೋಗದ ಮೂಲೆ ಇರಲಿಲ್ಲ. 2020ರಲ್ಲಿ ಅದೂ ನಿಂತುಹೋಯ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ಒಳ್ಳೇದೇ. ಆದರೆ ಖಾಸಗಿ ಬಸ್ಸನ್ನೇ ನಂಬಿದ್ದ ಈ ಭಾಗದ ಎಷ್ಟೋ ಒಳ ಊರುಗಳಲ್ಲಿ ಉಚಿತವಾಗಿ ಹತ್ತೋಣ ಅಂದ್ರೆ ಆ ಬಸ್ಸು ಬರಬೇಕಲ್ಲ ಮಾರಾಯ್ರೆ? ಹಾಗಾಗಿ ರಾತ್ರಿ ಹನ್ನೊಂದು ಗಂಟೆಗೆ ಅಮ್ಮನಿಗೆ ಎದೆನೋವು ಬಂದ್ರೆ ಅಪ್ಪ ಕೀ ತಿರುಗಿಸೋದು ಆ "ಡಬ್ಬಾ"ಕ್ಕೇ. ಅದು ಸ್ಟಾರ್ಟ್ ಆಗತ್ತೋ ಇಲ್ಲವೋ, ಅದಕ್ಕಿಂತ ಮುಖ್ಯವಾಗಿ ಬ್ರೇಕ್ ಒತ್ತಿದ್ರೆ ನಿಲ್ಲತ್ತೋ ಇಲ್ಲವೋ ಅನ್ನೋದೇ ನಿಜವಾದ ಪ್ರಶ್ನೆ.

ಈಗ ಮಳೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು ಸಾವಿರ ಮಿಲಿಮೀಟರ್ ಒಳಗೆ ಮಳೆ. ನರಸಿಂಹರಾಜಪುರಕ್ಕೆ ಅದರ ಒಂದೂವರೆ ಪಟ್ಟು. ಕೊಪ್ಪಕ್ಕೆ ಅದಕ್ಕಿಂತ ಬಹಳ ಜಾಸ್ತಿ. ಶೃಂಗೇರಿ ಮೂರು ಸಾವಿರ ಮಿಲಿಮೀಟರನ್ನು ಸಲೀಸಾಗಿ ದಾಟುತ್ತೆ. ಶೃಂಗೇರಿಯಿಂದ ಸ್ವಲ್ಪವೇ ದೂರದ ಆಗುಂಬೆಯದ್ದು ಇನ್ನೊಂದು ಲೆಕ್ಕ. ಮೃಗಶಿರದಿಂದ ಆಶ್ಲೇಷದವರೆಗೆ ಒಗೆದ ಬಟ್ಟೆ ಒಣಗಬೇಕಾದ್ರೆ ಒಲೆ ಮೇಲಿನ ಅಟ್ಟವೇ ಗತಿ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಪುಸ್ತಕದ ರಟ್ಟಿಗೂ ಬೂಸ್ಟು. ಮನೆಯೊಳಗಿನ ಚರ್ಮದ ಬೆಲ್ಟಿನ ಕಥೆಯೇ ಹೀಗಾದ್ರೆ, ಮುಕ್ಕಾಲು ಮಿಲಿಮೀಟರ್ ಆಸುಪಾಸು ದಪ್ಪದ ಉಕ್ಕಿನ ತಗಡು ಕೆಸರು ಮೆತ್ತಿಕೊಂಡು ನಾಲ್ಕು ತಿಂಗಳು ಹೊರಗಡೆ ನಿಂತರೆ ಏನಾಗಬೇಕು?

ಹೀಗಾಗಿ ಬೆಂಗಳೂರಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಇಪ್ಪತ್ತು ವರ್ಷ ಇದ್ದ ಕಾರೂ, ಕಿಗ್ಗದ ಹತ್ತಿರದ ಮನೆಯಲ್ಲಿ ಇಪ್ಪತ್ತು ವರ್ಷ ಇದ್ದ ಕಾರೂ ಒಂದೇ ವಯಸ್ಸಿನವು ಅನ್ನೋದು ಕಾಗದದ ಮೇಲಿನ ಮಾತು. ಅದೇ ರೀತಿ ಕಿಗ್ಗದಲ್ಲೇ ಅಕ್ಕಪಕ್ಕದ ಎರಡು ಮನೆಯ ಕಾರುಗಳಲ್ಲಿ ಒಂದು ಗಟ್ಟಿಮುಟ್ಟಾಗಿದ್ದು ಇನ್ನೊಂದರ ಫ್ಲೋರಿನಲ್ಲಿ ರೋಡು ಕಾಣಿಸೋದೂ ಉಂಟು. ಎರಡಕ್ಕೂ ಬಿದ್ದದ್ದು ಅದೇ ಮಳೆ, ನೋಡಿಕೊಂಡದ್ದು ಮಾತ್ರ ಬೇರೆ.

ತುಕ್ಕು ಅಂದ್ರೆ ಎಂತದು? ಕಬ್ಬಿಣ ವಾಪಸ್ ಅದಿರಾಗೋದು, ಅಷ್ಟೇ. ನರಸಿಂಹರಾಜಪುರದ ಪಕ್ಕದಲ್ಲೇ ಭದ್ರಾವತಿ ಇದೆ. ಕೆಮ್ಮಣ್ಣುಗುಂಡಿಯ ಕೆಂಪು ಅದಿರನ್ನು ತಂದು 1923ರಿಂದ ಅಲ್ಲಿನ ಕುಲುಮೆಯಲ್ಲಿ ಬೇಯಿಸಿ, ಅದರೊಳಗಿನ ಆಮ್ಲಜನಕವನ್ನು ಬೇರೆ ಮಾಡಿ ಕಬ್ಬಿಣ ತೆಗೆದರು. ಕುಲುಮೆ ಅಷ್ಟು ಬೆಂಕಿ ಸುರಿದು ಬಿಡಿಸಿದ್ದನ್ನ ಮಲೆನಾಡಿನ ಮಳೆಗಾಲ ಬೆಂಕಿಯೇ ಇಲ್ಲದೆ ಮತ್ತೆ ಜೋಡಿಸುತ್ತೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಟ್ಟಿಗೆ ಸಿಕ್ಕರೆ ಸಾಕು. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಬೇಕು, ಅದಕ್ಕೇ ಪೇಂಟು ಗುಳ್ಳೆ ಏಳೋದು. ಗುಳ್ಳೆ ಒಡೆದ ಮೇಲೆ ಇನ್ನಷ್ಟು ನೀರು ಒಳಗೆ ಹೋಗುತ್ತೆ. ನಿಮಗೆ ಹೊರಗಿನಿಂದ ಕಾಣಿಸೋ ಹೊತ್ತಿಗೆ ಒಳಗಡೆ ಅದರ ಕೆಲಸ ಮುಗಿದಿರುತ್ತೆ.

ಗಮನಿಸಬೇಕಾದ್ದು ಇದು: ಸುರಿಯೋ ಮಳೆಗಿಂತ ನಿಂತ ತೇವ ಅಪಾಯ. ಮಳೆ ನೀರು ಮೇಲಿಂದ ಬಿದ್ದು ಹರಿದುಹೋದರೆ ಕಾರಿಗೆ ದೊಡ್ಡ ನಷ್ಟ ಇಲ್ಲ. ಚಕ್ರದ ಮೇಲಿನ ಕಮಾನಿನ ಒಳಗೆ ಮೆತ್ತಿದ ಕೆಸರು ಇದೆಯಲ್ಲ, ಅದು ಒದ್ದೆ ಗೋಣಿಚೀಲದ ಹಾಗೆ ತಿಂಗಳುಗಟ್ಟಲೆ ತಗಡಿಗೆ ಅಂಟಿಕೊಂಡಿರುತ್ತೆ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಗಾಜಿನ ಪಕ್ಕದಿಂದ ಒಳಗೆ ಇಳಿದ ನೀರು ಹೊರಗೆ ಹೋಗೋಕೆ ಕಂಪನಿಯವರೇ ಬಿಟ್ಟ ತೂತು. ಅದಕ್ಕೆ ಮಣ್ಣು ತುಂಬಿದ್ರೆ ಬಾಗಿಲೇ ಒಂದು ಬಕೆಟ್ಟು. ವೈಪರ್ ಕೆಳಗಿನ ತಟ್ಟೆಯಲ್ಲಿ ಹಲಸಿನೆಲೆ, ಮಾವಿನೆಲೆ ಕೊಳೆತು ಕೂತಿದ್ರೆ ಆ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಕಾಲಿನ ಮ್ಯಾಟ್ ಕೆಳಗೆ ಇಳಿಯುತ್ತೆ. ಓಮ್ನಿಯ ಸರಿಯುವ ಬಾಗಿಲಿನ ಕೆಳಗಿನ ಹಳಿ ಅಂತೂ ಕೆಸರಿನ ಕಾಲುವೆ. ಜೀಪಿನ ಚಾಸಿಯ ಪೆಟ್ಟಿಗೆಯಂಥ ಉಕ್ಕಿನ ಒಳಗೆ ಒಂದು ಸಲ ಕೆಸರು ಹೊಕ್ಕಿತು ಅಂದ್ರೆ ಅದು ತಾನಾಗಿ ಹೊರಗೆ ಬರಲ್ಲ.

ಮಲೆನಾಡಿನದ್ದೇ ಆದ ಇನ್ನೊಂದು ಸಂಗತಿ ಇದೆ, ಅದನ್ನ ಯಾವ ಕಾರಿನ ಮ್ಯಾನ್ಯುಯಲ್ಲೂ ಹೇಳಲ್ಲ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವರಿಗೆ ಬೋರ್ಡೋ ದ್ರಾವಣ ಗೊತ್ತಿರಲೇಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಪಾಕ ಸರಿಯಾಯ್ತಾ ಅಂತ ನೋಡೋಕೆ ಕತ್ತಿ ಅದ್ದುತ್ತಾರೆ. ಕತ್ತಿ ಮೇಲೆ ತಾಮ್ರದ ಕೆಂಪು ಕೂತ್ರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ತಾಮ್ರ ಕತ್ತಿಯ ಮೇಲೆ ಕೂರುವಾಗ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರುತ್ತೆ. ಅದಕ್ಕೇ ತಾನೆ ಮೈಲುತುತ್ತವನ್ನ ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಅಂತ ಹಿರಿಯರು ಹೇಳೋದು? ಅದೇ ಮೈಲುತುತ್ತದ ಹರಿದ ಚೀಲವನ್ನ ಸೊಸೈಟಿಯಿಂದ ಓಮ್ನಿಯ ಹಿಂದೆ ಹಾಕ್ಕೊಂಡು ಬರ್ತಾರೆ. ಒದ್ದೆ ಫ್ಲೋರಿನ ಮೇಲೆ ಉದುರಿದ ಪುಡಿ ಅಲ್ಲೇ ಕರಗಿ ಕತ್ತಿಯ ಪರೀಕ್ಷೆಯನ್ನ ಕಾರಿನ ತಗಡಿನ ಮೇಲೆ ಮಾಡುತ್ತೆ. ಪೊಟ್ಯಾಷ್ ಚೀಲದ್ದೂ ಅದೇ ಕಥೆ. ಅದು ಪೊಟ್ಯಾಸಿಯಂ ಕ್ಲೋರೈಡ್, ಹೆಚ್ಚೂಕಡಿಮೆ ಅಡುಗೆ ಉಪ್ಪಿನ ಅಣ್ಣ. ಸಮುದ್ರದ ಗಾಳಿ ಮಂಗಳೂರಿನ ಕಾರುಗಳಿಗೆ ಮಾಡೋದನ್ನ ಪೊಟ್ಯಾಷ್ ಚೀಲ ಕೊಪ್ಪದ ಕಾರಿಗೆ ಮಾಡುತ್ತೆ. ಇದಕ್ಕೆ ಪರಿಹಾರ ಒಂದು ದಪ್ಪ ಟಾರ್ಪಾಲು ಹಾಸಿ ಅದರ ಮೇಲೆ ಚೀಲ ಇಡೋದು, ಮನೆಗೆ ಬಂದ ಮೇಲೆ ಹಿಂದುಗಡೆ ತೊಳೆದು ಒಣಗಿಸೋದು. ಖರ್ಚು ಹೆಚ್ಚೂಕಡಿಮೆ ಸೊನ್ನೆ.

"ಫ್ಲೋರು ತೂತಾದ್ರೆ ಆಯ್ತು, ತಗಡು ಹೊಡೆಸಿದ್ರಾಯ್ತು ಬಿಡಿ" ಅನ್ನೋರಿದ್ದಾರೆ. ಫ್ಲೋರು ತೂತಾದ್ರೆ ಕಾಲಿಗೆ ನೀರು ಸಿಡಿಯುತ್ತೆ, ನಿಜ, ಸಾಯಲ್ಲ. ಆದರೆ ಅದೇ ಫ್ಲೋರಿನ ಅಡಿಯಲ್ಲಿ, ಅದೇ ಕೆಸರಿನಲ್ಲಿ, ಪೆನ್ನಿನ ರೀಫಿಲ್ಲಿನಷ್ಟೇ ದಪ್ಪದ ಉಕ್ಕಿನ ಕೊಳವೆ ಮುಂದಿನಿಂದ ಹಿಂದಿನವರೆಗೆ ಹೋಗುತ್ತೆ. ಅದು ಬ್ರೇಕ್ ಪೈಪು. ಕ್ಲಿಪ್ ಹಾಕಿದ ಜಾಗದಲ್ಲಿ ಕೆಸರು ಕೂತು ಅದೂ ತುಕ್ಕು ಹಿಡಿಯುತ್ತೆ. ಸುಮ್ಮನೆ ಪೇಟೆಗೆ ಹೋಗಿಬರುವಾಗ ಅದು ತಡೆದುಕೊಂಡೀತು. ಅದರ ಮೇಲೆ ಪೂರ್ತಿ ಒತ್ತಡ ಬೀಳೋದು ನೀವು ಜೋರಾಗಿ ಬ್ರೇಕ್ ಒತ್ತಿದಾಗ, ಅಂದ್ರೆ ನಿಮಗೆ ಬ್ರೇಕು ನಿಜವಾಗಿ ಬೇಕಾದಾಗ. ಶೃಂಗೇರಿ, ಕೊಪ್ಪದ ಜನ ದೊಡ್ಡ ಕಾಯಿಲೆಗೆ ಓಡೋದು ಮಣಿಪಾಲಕ್ಕೆ. ದಾರಿಯಲ್ಲಿ ಆಗುಂಬೆ ಘಾಟಿ, ಹದಿನಾಲ್ಕು ಹೇರ್‌ಪಿನ್ ತಿರುವು. ಆ ಪೈಪು ಒಡೆಯೋಕೆ ಅದಕ್ಕಿಂತ ಕೆಟ್ಟ ಜಾಗ ಹುಡುಕಿದ್ರೂ ಸಿಗಲ್ಲ. ಇನ್ನು ಬ್ರೇಕ್ ಆಯಿಲ್ಲು ಗಾಳಿಯ ತೇವವನ್ನ ಹೀರಿಕೊಳ್ಳೋ ಜಾತಿಯದ್ದು. ಎರಡು ವರ್ಷಕ್ಕೊಮ್ಮೆ ಬದಲಾಯಿಸದಿದ್ದರೆ ಹೀರಿದ ನೀರು ಪೈಪಿಗೆ, ಸಿಲಿಂಡರಿಗೆ ಒಳಗಿನಿಂದಲೇ ತುಕ್ಕು ಹಿಡಿಸುತ್ತೆ. "ಕಮ್ಮಿ ಆದ್ರೆ ಟಾಪ್ ಅಪ್ ಮಾಡೋದು" ಅನ್ನೋದಷ್ಟೇ ಗೊತ್ತಿರೋ ಮನೆಗಳು ಎಷ್ಟಿಲ್ಲ?

ಇಷ್ಟೆಲ್ಲ ಇರುವಾಗ ನಮ್ಮ ಕಾನೂನು ಏನು ಮಾಡುತ್ತೆ ನೋಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಮೊದಲ ಹದಿನೈದು ವರ್ಷ ಕಾರಿನ ಅಡಿ ತೋರಿಸು ಅಂತ ಯಾರೂ ಕೇಳುವುದಿಲ್ಲ. ಹೊಗೆ ತಪಾಸಣೆ ಸರ್ಟಿಫಿಕೇಟ್ ಇದ್ರೆ, ಇನ್ಶೂರೆನ್ಸ್ ಇದ್ರೆ ನೀವು ಸಾಚಾ. ಶೃಂಗೇರಿಯ ಕಾರಿನ ಅಡಿ ಹದಿನೈದು ವರ್ಷದಲ್ಲಿ ಎರಡು ಸಲ ಕೊಳೆತುಹೋಗೋಕೆ ಸಮಯ ಇದೆ. ಹದಿನೈದಾದ ಮೇಲೆ ಒಮ್ಮೆಲೇ ಸರ್ಕಾರಕ್ಕೆ ಎಚ್ಚರ ಆಗುತ್ತೆ. ಎಚ್ಚರ ಆಗಿ ಮಾಡೋದೇನು ಅಂದ್ರೆ ಫೀಸು ಏರಿಸೋದು. 2022ರ ಏಪ್ರಿಲ್‌ನಿಂದ ಕಾರಿನ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಹಾರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು 10,000 ಆಯ್ತು. ಗುಜರಿಗೆ ಹಾಕಿದ್ರೆ ಹೊಸ ಕಾರಿನ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಿ ಅಂತ ರಾಜ್ಯಗಳಿಗೆ ಕೇಂದ್ರ ಹೇಳಿದೆ. ಎಲ್ಲ ಸೂಚನೆಗಳೂ ಒಂದೇ ದಿಕ್ಕಿಗೆ: ಮಾರು, ಒಡೆ, ಹೊಸದು ತಗೋ.

ಹತ್ತು ಸಾವಿರ ಕಟ್ಟಿದ್ರೆ ಬ್ರೇಕ್ ಪೈಪಿನ ತುಕ್ಕು ಹೋಗತ್ತಾ? ದುಡ್ಡಿದ್ದವನು ಕೊಳೆತ ಕಾರಿಗೂ ಕಟ್ಟಿಬಿಡ್ತಾನೆ. ದುಡ್ಡಿಲ್ಲದವನು ಗಟ್ಟಿ ಕಾರನ್ನೂ ಗುಜರಿಗೆ ಕೊಡ್ತಾನೆ, ಇಲ್ಲಾಂದ್ರೆ ನವೀಕರಣವನ್ನೇ ಬಿಟ್ಟು ಒಳರೋಡಿನಲ್ಲೇ ಓಡಿಸ್ತಾನೆ. ಶೃಂಗೇರಿಯ ಕೆಎ 18 ನಂಬರಿನ ಕಾರು ಅಂದ್ರೆ ಚಿಕ್ಕಮಗಳೂರಿನ ಕಾರು, ಜಿಲ್ಲಾ ಕೇಂದ್ರಕ್ಕೆ ಹೋಗಿಬರೋದು ಅಂದ್ರೆ ಘಟ್ಟದ ತಿರುವುಗಳಲ್ಲಿ ಒಂದು ಪೂರ್ತಿ ದಿನ. ಇನ್ಶೂರೆನ್ಸೂ ಇಲ್ಲ, ತಪಾಸಣೆಯೂ ಇಲ್ಲದ ಕಾರು ಶಾಲೆ ಮಕ್ಕಳನ್ನ ಕೂರಿಸಿಕೊಂಡು ಹೋಗೋದು ಯಾರಿಗೆ ಕ್ಷೇಮ?

ಬ್ರಿಟನ್ನಿನಲ್ಲಿ 1960ರಿಂದ ಎಂಒಟಿ ಅಂತ ಒಂದು ಪರೀಕ್ಷೆ ಇದೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. ಕಾರನ್ನ ಮೇಲೆತ್ತಿ ಅಡಿ ನೋಡ್ತಾರೆ. ಸಸ್ಪೆನ್ಶನ್, ಸ್ಟೀರಿಂಗ್, ಸೀಟ್ ಬೆಲ್ಟ್ ಇವುಗಳ ಬುಡದಿಂದ ಮೂವತ್ತು ಸೆಂಟಿಮೀಟರ್ ಒಳಗೆ ತಗಡು ಕೊಳೆತಿದ್ರೆ ಫೇಲು. ಬ್ರೇಕ್ ಪೈಪು ವಿಪರೀತ ತುಕ್ಕು ಹಿಡಿದಿದ್ರೂ ಫೇಲು. ಕಾರಿಗೆ ಐದು ವರ್ಷವೋ ಇಪ್ಪತ್ತೈದೋ ಅಂತ ಆ ಪರೀಕ್ಷೆ ಕೇಳುವುದಿಲ್ಲ. ಬೆಸುಗೆ ಹಾಕಿಸಿ ರಿಪೇರಿ ಮಾಡಿಸ್ಕೊಂಡು ಬಂದ್ರೆ ಪಾಸು. ಅಲ್ಲೂ ಮಳೆ, ಜೊತೆಗೆ ಚಳಿಗಾಲದಲ್ಲಿ ರಸ್ತೆಗೆ ಸುರಿಯೋ ಉಪ್ಪು. ಮಳೆಯೂರಿಗೆ ಬೇಕಾದ ಕಾನೂನು ಅದು. ನಮಗೆ ಸಿಕ್ಕಿರೋದು ದಿಲ್ಲಿಯ ಹೊಗೆಯನ್ನ ಮನಸ್ಸಲ್ಲಿಟ್ಟುಕೊಂಡು ವಯಸ್ಸು ಎಣಿಸೋ ಲೆಕ್ಕ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಾಲ್ಲೂಕು ಕೇಂದ್ರದಲ್ಲೇ, ಕಡಿಮೆ ಶುಲ್ಕಕ್ಕೆ ಕಾರಿನ ಅಡಿ ನೋಡೋ ವ್ಯವಸ್ಥೆ ಬೇಕು ಅಂತ ಕೇಳೋದು ದೊಡ್ಡ ಕ್ರಾಂತಿಯ ಬೇಡಿಕೆಯೇನಲ್ಲ. ನಾವು ಕೇಳಿಲ್ಲ, ಅಷ್ಟೇ.

ಕಂಪನಿಗಳನ್ನೂ ಬಿಡಬಾರದು. ಉಕ್ಕಿನ ತಗಡಿಗೆ ಸತುವಿನ ಲೇಪ ಕೊಟ್ಟರೆ ಸತು ತಾನು ಮೊದಲು ಸವೆದು ಕಬ್ಬಿಣವನ್ನ ಉಳಿಸುತ್ತೆ, ಇದು ನೂರಾರು ವರ್ಷದ ಹಳೇ ವಿದ್ಯೆ. ಯೂರೋಪಿನಲ್ಲಿ ಎಷ್ಟೋ ಕಂಪನಿಗಳು ತುಕ್ಕಿನಿಂದ ತಗಡು ತೂತು ಬೀಳುವುದಿಲ್ಲ ಅಂತ ಹನ್ನೆರಡು ವರ್ಷದ ವಾರಂಟಿ ಕೊಡುತ್ತವೆ. ನಮ್ಮಲ್ಲಿ ಸನ್‌ರೂಫು ಎಷ್ಟು ಅಗಲ, ಸ್ಕ್ರೀನು ಎಷ್ಟು ಇಂಚು ಅಂತ ಶೋರೂಮಿನ ಹುಡುಗ ಬಾಯಿಪಾಠ ಒಪ್ಪಿಸ್ತಾನೆ. ಈ ಕಾರಿನ ಯಾವ ಯಾವ ಭಾಗಕ್ಕೆ ಸತುವಿನ ಲೇಪ ಇದೆ, ತುಕ್ಕಿಗೆ ಎಷ್ಟು ವರ್ಷದ ವಾರಂಟಿ ಅಂತ ಕೇಳಿ ನೋಡಿ. ಮ್ಯಾನೇಜರನ್ನ ಕರೀತಾನೆ. ಮ್ಯಾನೇಜರು "ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ ಸರ್" ಅಂತ ಇನ್ನೊಂದು ಬಿಲ್ಲು ಬರೀತಾರೆ.

ಆ ಕೋಟಿಂಗ್ ಬಗ್ಗೆಯೂ ಎರಡು ಮಾತು. ಹೊಸ, ಒಣಗಿದ, ಶುದ್ಧವಾದ ತಗಡಿನ ಮೇಲೆ ಸರಿಯಾಗಿ ಹಾಕಿದ್ರೆ ಅದು ಒಳ್ಳೇದೇ. ಆದರೆ ಹತ್ತು ವರ್ಷದ ಕಾರನ್ನ ಬೆಳಿಗ್ಗೆ ನೀರು ಹೊಡೆದು ತೊಳೆದು, ಮಧ್ಯಾಹ್ನ ಒದ್ದೆ ತುಕ್ಕಿನ ಮೇಲೇ ಕಪ್ಪು ರಬ್ಬರ್ ಬಳಿದು, ಸಂಜೆ ಕೀ ಕೈಗೆ ಕೊಟ್ಟರೆ ಅದು ತುಕ್ಕಿಗೆ ಹೊದಿಸಿದ ಕಂಬಳಿ. ತೇವ ಒಳಗೇ ಸಿಕ್ಕಿಕೊಳ್ಳುತ್ತೆ, ಹೊರಗಿಂದ ಎಲ್ಲ ಕಪ್ಪಗೆ, ಚಂದಾಗಿ ಕಾಣುತ್ತೆ. ಕೆಲವು ಕಡೆ ಬಾಗಿಲ ಅಡಿಯ ತೂತುಗಳನ್ನೂ ಸೇರಿಸಿ ಬಳಿದುಬಿಡ್ತಾರೆ. ಇನ್ನೊಂದು ಕಡೆ ತೂತು ಬಿದ್ದ ತಗಡಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆಯೋ ಕಲೆ. ಪುಟ್ಟಿಗೆ ಬಲ ಇಲ್ಲ. ಕತ್ತರಿಸಿ, ಹೊಸ ತಗಡು ಬೆಸೆದು, ಪ್ರೈಮರ್ ಹಾಕಿದ್ದು ಮಾತ್ರ ರಿಪೇರಿ. ಉಳಿದದ್ದೆಲ್ಲ ಮದುವೆ ಮನೆ ಮೇಕಪ್ಪು. ಹಾಗೇ ಹಳೇ ಎಂಜಿನ್ ಆಯಿಲ್ ಬಳಿಯೋ ಪದ್ಧತಿ ಇದೆ. ಅದರ ಜಿಡ್ಡು ಕಾರನ್ನ ಸ್ವಲ್ಪ ಕಾಯಬಹುದು, ಮೊದಲ ಮಳೆಗೆ ತೊಳೆದು ತೋಟಕ್ಕೂ ತುಂಗೆಗೂ ಸೇರೋದಂತೂ ಗ್ಯಾರಂಟಿ. ಅದು ಬೇಡ.

ನನ್ನ ವಾದಕ್ಕೆ ಎದುರು ವಾದ ಇಲ್ಲ ಅಂತಲ್ಲ. ಹಳೇ ಕಾರಿಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಢಿಕ್ಕಿ ಆದ್ರೆ ಹೊಸ ಕಾರು ಉಳಿಸೋ ಜೀವವನ್ನ ಮಾರುತಿ 800 ಉಳಿಸದೇ ಇರಬಹುದು. ಇದು ನಿಜ, ಇದಕ್ಕೆ ಉತ್ತರ ಇಲ್ಲ. ದುಡ್ಡಿದ್ದು, ಅಪ್ಪ ಅಮ್ಮನಿಗೂ ಇಷ್ಟ ಇದ್ದು, ಹೊಸದು ಕೊಡಿಸೋದಾದ್ರೆ ಧಾರಾಳವಾಗಿ ಕೊಡಿಸಿ. ಚಾಸಿಯೇ ಕೊಳೆತ ಕಾರನ್ನ ಯಾವ ಮಮತೆಯೂ ಇಲ್ಲದೆ ಗುಜರಿಗೆ ಹಾಕಿ. ಹೊಗೆಯ ವಿಷಯಕ್ಕೆ ಬಂದ್ರೆ, ವಾರಕ್ಕೆರಡು ಸಲ ಕೊಪ್ಪ ಪೇಟೆಗೆ ಹೋಗಿಬರೋ ಹಳೇ ಕಾರಿನ ಹೊಗೆಯನ್ನ ಹೊಸ ಕಾರೊಂದನ್ನ ತಯಾರಿಸೋಕೆ ಸುಡೋ ಕಲ್ಲಿದ್ದಲಿನ ಪಕ್ಕ ಇಟ್ಟು ನೋಡಿ, ಆಮೇಲೆ ಮಾತಾಡಿ.

ಆದರೆ ಹೊಸ ಕಾರು ಬಂದ್ರೆ ಈ ಲೇಖನ ನಿಮಗೆ ಅನ್ವಯಿಸಲ್ಲ ಅಂದ್ಕೊಂಡ್ರೆ ಅದೇ ದೊಡ್ಡ ಭ್ರಮೆ. ಹೊಸ ಕಾರೂ ಉಕ್ಕಿನದ್ದೇ. ಎಲೆಕ್ಟ್ರಿಕ್ ಕಾರೂ ಉಕ್ಕಿನದ್ದೇ. ಅದೇ ಶೆಡ್ಡಿನಲ್ಲಿ, ಅದೇ ಕೆಸರಿನಲ್ಲಿ ನಿಂತರೆ ಅದಕ್ಕೂ ಅದೇ ಗತಿ, ಸ್ವಲ್ಪ ತಡವಾಗಿ. ಇನ್ನೊಂದು ವ್ಯತ್ಯಾಸ ಏನಂದ್ರೆ, ಇಎಂಐ ಮುಗಿಯೋ ಮೊದಲೇ ಶುರುವಾಗಬಹುದು. ಅಡಿ ನೋಡದ ಮನೆಗೆ ಯಾವ ಕಾರು ಬಂದ್ರೂ ಅದು ಮುಂದಿನ ಡಬ್ಬಾನೇ.

ವಿಚಿತ್ರ ಏನಂದ್ರೆ, ನೀರು ನಿಲ್ಲದ ಹಾಗೆ ನೋಡಿಕೊಳ್ಳೋ ವಿದ್ಯೆಯಲ್ಲಿ ಮಲೆನಾಡಿನವರನ್ನ ಮೀರಿಸಿದವರಿಲ್ಲ. ತೋಟದ ಕಪ್ಪಿನಲ್ಲಿ, ಅಂದ್ರೆ ಬಸಿಗಾಲುವೆಯಲ್ಲಿ, ಮಣ್ಣು ತುಂಬಿದ್ರೆ ಅಡಿಕೆಯ ಬೇರು ಕೊಳೆಯುತ್ತೆ ಅಂತ ಮಳೆಗಾಲಕ್ಕೆ ಮುಂಚೆ ಬಿಡಿಸ್ತಾರೆ. ಕೊಳೆರೋಗ ಬರಬಾರದು ಅಂತ ಗೊನೆಗೆ ಕೊಟ್ಟೆ ಕಟ್ತಾರೆ. ಹೆಂಚು ಕೈಯಾಡಿಸ್ತಾರೆ, ಸೌದೆ ಒಟ್ತಾರೆ. ಯಾವ ಮರದ ಬುಡದಲ್ಲಿ ನೀರು ನಿಲ್ಲುತ್ತೆ ಅಂತ ಕಣ್ಣು ಮುಚ್ಚಿ ಹೇಳೋ ಮನುಷ್ಯ ಕಾರಿನ ಬಾಗಿಲ ಅಡಿಯ ತೂತನ್ನ ಜನ್ಮದಲ್ಲಿ ನೋಡಿರಲ್ಲ. ಕಾರು "ಮೆಕ್ಯಾನಿಕ್ಕಿನ ವಿಷಯ" ಅಂತ ನಾವೇ ಅವರಿಗೆ ಹೇಳಿಕೊಟ್ಟದ್ದು. ಕಾರಿನ ಬಾಗಿಲಿನ ತೂತೂ ಒಂದು ಕಪ್ಪೇ. ಒಂದು ಹಿಡಿಕಡ್ಡಿ ತಗೊಂಡು ಚುಚ್ಚಿದ್ರೆ ಬಿಟ್ಟುಕೊಳ್ಳುತ್ತೆ. ಹಾಗಂತ ಒಂದು ಸಲ ಹೇಳಿಕೊಟ್ಟು ನೋಡಿ, ಮುಂದಿನ ವರ್ಷ ಅವರು ನಿಮಗೇ ಪಾಠ ಮಾಡ್ತಾರೆ.

ಮಾಡಬೇಕಾದ್ದು ಬಹಳ ಇಲ್ಲ. ಕಾರು ನಿಲ್ಲಿಸೋ ಜಾಗದಲ್ಲಿ ಮಣ್ಣಿನ ಮೇಲೆ ಚಪ್ಪಡಿಯೋ ಕಾಂಕ್ರೀಟೋ ಹಾಕಿಸಿ, ಹುಲ್ಲಿನ ತೇವ ಮೇಲೇರೋದು ತಪ್ಪುತ್ತೆ. ಶೆಡ್ಡಿಗೆ ಸೂರು ಬೇಕು, ನಾಲ್ಕೂ ಕಡೆ ಗೋಡೆ ಬೇಡ, ಗಾಳಿ ಆಡಬೇಕು. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಟ್ಟೋದು ಅದನ್ನ ಬೇಯಿಸಿದ ಹಾಗೆ, ಬಿಟ್ಟುಬಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಕ್ರದ ಕಮಾನಿನ ಒಳಗೆ ಪೈಪ್ ನೀರು ಬಿಟ್ಟು ಕೆಸರು ತೆಗೆಯಿರಿ. ವಾರಕ್ಕೊಮ್ಮೆಯಾದ್ರೂ ಎಂಜಿನ್ನು ಬಿಸಿಯಾಗೋವಷ್ಟು ದೂರ ಓಡಿಸಿ, ನಿಂತಲ್ಲೇ ನಿಂತ ಕಾರಿನ ಬ್ರೇಕು ಅಂಟಿಕೊಳ್ಳುತ್ತೆ. ದಿನಗಟ್ಟಲೆ ನಿಲ್ಲಿಸೋದಿದ್ರೆ ಹ್ಯಾಂಡ್ ಬ್ರೇಕ್ ಎಳೆಯದೆ ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಮಳೆ ನಿಂತ ಮೇಲೆ, ಅಡಿಕೆ ಕೊಯ್ಲು ಶುರುವಾಗೋ ಮುಂಚೆ, ಮ್ಯಾಟ್ ಎಲ್ಲ ತೆಗೆದು ಎರಡು ದಿನ ಬಾಗಿಲು ತೆರೆದಿಟ್ಟು ಒಣಗಿಸಿ. ಗುಳ್ಳೆ ಎದ್ದ ಕಡೆ ಬಿಳಿ ಲೋಹ ಕಾಣೋವರೆಗೆ ಉಜ್ಜಿ, ಸತುವಿನ ಪ್ರೈಮರ್ ಹಾಕಿ, ಮೇಲೆ ಪೇಂಟ್. ಚಾಸಿಯ ಒಳಗೆ, ಬಾಗಿಲ ಒಳಗೆ ಮೇಣದಂಥ ತುಕ್ಕು ನಿರೋಧಕ ಸ್ಪ್ರೇ. ಬ್ರೇಕ್ ಪೈಪು ತುಕ್ಕು ಹಿಡಿದಿದ್ರೆ ಉಜ್ಜೋದೂ ಇಲ್ಲ, ಬಳಿಯೋದೂ ಇಲ್ಲ, ಬದಲಾಯಿಸೋದೇ. ಎಲ್ಲ ಸೇರಿಸಿದ್ರೂ ನೀವು ಕಟ್ತೀನಿ ಅಂದ ಇಎಂಐನ ಒಂದೆರಡು ಕಂತು ದಾಟೋದು ಕಷ್ಟ.

ನೀವು ಹೇಗೂ ದೀಪಾವಳಿಗೆ ಊರಿಗೆ ಹೋಗ್ತೀರಿ. ಈ ಸಲ ಒಂದು ಒಳ್ಳೇ ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಹಳೇ ಚಾಪೆ ತಗೊಳ್ಳಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಕಾರನ್ನ ಅಂಗಳಕ್ಕೆ ತಂದು, ಪಕ್ಕದಲ್ಲಿ ಚಾಪೆ ಹಾಕಿ ಮಲಗಿ ಅಡಿ ನೋಡಿ. ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಮಾತ್ರ ಯಾವ ಕಾರಣಕ್ಕೂ ನುಗ್ಗಬೇಡಿ, ಜಾರಿದ್ರೆ ಕಥೆ ಮುಗೀತು. ಎಟುಕದ್ದನ್ನ ನೋಡೋಕೆ ಪೇಟೆಯ ಗ್ಯಾರೇಜಿನಲ್ಲಿ ಲಿಫ್ಟಿಗೆ ಹಾಕಿಸಿ. ಚಾಸಿಯ ಮೇಲೆ, ಸಸ್ಪೆನ್ಶನ್ನಿನ ಬುಡದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಅಂದ್ರೆ ಸರಿ, ದಪ್ ಅಂದ್ರೆ ಅಲ್ಲಿ ಒತ್ತಿ ನೋಡಿ. ಒಳಗೆ ಹೋದ್ರೆ ಘಟ್ಟ ಇಳಿಯೋದು ಅವತ್ತಿಂದಲೇ ನಿಲ್ಲಿಸಿ, ಮುಂದಿನ ಲೆಕ್ಕ ಆಮೇಲೆ. ಒಳಗೆ ಹೋಗಲಿಲ್ಲ ಅಂದ್ರೆ ಎದ್ದು, ಬೆನ್ನಿನ ಮಣ್ಣು ಕೊಡವಿ, ಕಾರು ಗಟ್ಟಿ ಇದೆ ಅಂತ ಅಪ್ಪನಿಗೆ ಹೇಳಿ. ಮಾರೋದೋ ಇಟ್ಟುಕೊಳ್ಳೋದೋ ಅಂತ ಆಮೇಲೆ ಇಬ್ಬರೂ ಕೂತು ಮಾತಾಡಿ. ಅಡಿ ನೋಡದೆ ಬೆಂಗಳೂರಿನಿಂದ ಫೋನಿನಲ್ಲೇ ತೀರ್ಪು ಕೊಡೋದನ್ನ ಮಾತ್ರ ಬಿಟ್ಟುಬಿಡಿ.